ಹಾಕಿ ನೋಡುವ ಲೆಕ್ಕ

ನಾಲ್ಕು ಉತ್ತರ ಕೊಟ್ಟು, ಇದರಲ್ಲಿ ಒಂದು ಸರಿ ಎಂದು ಮೊದಲೇ ಹೇಳಿಬಿಡುವ ಪ್ರಶ್ನೆಗೆ ಹೆದರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಯಾರಾದರೂ ನಾಲ್ಕು ರವಕೆ ಮುಂದಿಟ್ಟು, ಇದರಲ್ಲಿ ಒಂದು ನಿನ್ನದೇ ಅಳತೆಯದ್ದು ಎಂದರೆ ನಾವೇನು ಮಾಡುತ್ತೇವೆ? ಹಾಕಿ ನೋಡುತ್ತೇವೆ. ಬಿಗಿಯಾದದ್ದನ್ನು ಬದಿಗಿಡುತ್ತೇವೆ, ಜೋತುಬಿದ್ದದ್ದನ್ನು ಬದಿಗಿಡುತ್ತೇವೆ, ಸರಿಯಾಗಿ ಕೂತದ್ದನ್ನು ತೆಗೆದುಕೊಂಡು ಮನೆಗೆ ಬರುತ್ತೇವೆ. ಬೀಜಗಣಿತದ ಬಹುಆಯ್ಕೆ ಪ್ರಶ್ನೆಯೂ ಇಷ್ಟೇ ಎಂದು ನಾನು ಅತ್ತೆಯ ಎದುರು ಹೇಳಿದಾಗ ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಅದು ಅವರಿಗೆ ಸಿಟ್ಟು ಬಂದ ಗುರುತು.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಟೀಚರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಬಂಟ್ವಾಳ ಪೇಟೆಯಲ್ಲಿ ನಡೆದು ಹೋದರೆ ಗಡ್ಡ ನರೆತ ಗಂಡಸರು ಬೈಕಿನಿಂದ ಇಳಿದು ನಿಲ್ಲುತ್ತಾರೆ. ನಾನು ಅವರ ಸೊಸೆ. ವೃತ್ತಿಯಲ್ಲಿ ಟೈಲರ್. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾದವಳು. ಇದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ. ಮದುವೆಯ ಮಾತುಕತೆಗೆ ಬಂದಿದ್ದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆಯೇ ಗಣಿತದಲ್ಲಿ ಎಷ್ಟು ಎಂದು. ನಾನು ಚಹಾದ ತಟ್ಟೆ ಹಿಡಿದುಕೊಂಡೇ, "ಫೇಲ್" ಎಂದೆ. ನನ್ನ ಅಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆ ಮಾತ್ರ, "ಸುಳ್ಳು ಹೇಳ್ಲಿಲ್ಲ, ಸಾಕು" ಎಂದು ಚಹಾ ತೆಗೆದುಕೊಂಡರು. ಹಾಗೆ ನಾನು ಮೂಡಬಿದಿರೆಯಿಂದ ಪಾಣೆಮಂಗಳೂರಿಗೆ ಬಂದೆ. ಅವರನ್ನು ನಾನು ಕರೆಯುವುದು ನಮ್ಮ ಕಡೆಯ ಕ್ರಮದಂತೆ ಮಾಮಿ ಎಂದು.

ಸುಳ್ಳು ಹೇಳದ ಸೊಸೆಯನ್ನು ಮಾಮಿ ಮೆಚ್ಚಿದರೇ ಹೊರತು ಅವಳ ಕೈಯಿಂದ ರವಕೆ ಹೊಲಿಸಿಕೊಳ್ಳಲಿಲ್ಲ. ಇದು ನನ್ನ ಹೊಟ್ಟೆಯಲ್ಲಿ ಯಾವತ್ತೂ ಉರಿಯುತ್ತಿದ್ದ ವಿಷಯ. ಓಣಿಯ ಹೆಂಗಸರೆಲ್ಲ ನನ್ನಲ್ಲಿಗೆ ಬರುತ್ತಿದ್ದರು. ಬ್ಯಾರಿ ಮುಸ್ಲಿಮರ ಮನೆಗಳ ಮದುವೆ ಬಂತೆಂದರೆ ನನ್ನ ಮಿಷನ್ನಿಗೆ ಬಿಡುವೇ ಇರುತ್ತಿರಲಿಲ್ಲ. ಮಾಮಿ ಮಾತ್ರ ತಮ್ಮ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ಹಳೆಯ ಟೈಲರ್ ಹತ್ತಿರ ಹೋಗುತ್ತಿದ್ದರು. ಕಾರಣ, ಮದುವೆಯಾದ ಹೊಸತರಲ್ಲಿ ನಾನು ಜಂಬ ಕೊಚ್ಚಿದ ಒಂದು ಮಾತು. ನನಗೆ ಟೇಪ್ ಬೇಡ, ಕಣ್ಣಳತೆಯಲ್ಲೇ ಹೊಲಿಯುತ್ತೇನೆ ಎಂದಿದ್ದೆ. ಅದು ನಿಜವೂ ಹೌದು. ಒಬ್ಬರು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವರ ಎದೆ, ಸೊಂಟ, ಭುಜ ನನ್ನ ತಲೆಯಲ್ಲಿ ಕೂತಿರುತ್ತದೆ. ಆದರೆ ಮಾಮಿ ಹೇಳಿದ್ದು ಇಷ್ಟೇ: "ಅಂದಾಜಿನ ಮೇಲೆ ನಾನು ನಂಬಿಕೆ ಇಡುವವಳಲ್ಲ."

ಸರಿ, ಇಡಬೇಡಿ ಎಂದುಕೊಂಡು ನಾನು ನನ್ನ ಪಾಡಿಗೆ ಹೊಲಿದೆ.

ಆಮೇಲೆ ಉಜಿರೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ತರಬೇತಿ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಸಹಾಯಕಿಯ ಕೆಲಸ. ಬಿ.ಸಿ. ರೋಡಿನಲ್ಲಿ ಬೆಳಗ್ಗಿನ ಬಸ್ಸು ಹಿಡಿದರೆ ಕ್ಲಾಸು ಶುರುವಾಗುವ ಮೊದಲು ಅಲ್ಲಿರುತ್ತಿದ್ದೆ. ಹೆಸರಿಗೆ ಸಹಾಯಕಿ, ಆದರೆ ಕತ್ತರಿ ಹಿಡಿಯುವುದರಿಂದ ಹಿಡಿದು ಕಾಲರ್ ಕೂರಿಸುವವರೆಗೆ ಕಲಿಸುತ್ತಿದ್ದದ್ದು ನಾನೇ. ಅಲ್ಲಿದ್ದ ಹಿರಿಯ ಶಿಕ್ಷಕಿ ಮೊಣಕಾಲು ನೋವಿನಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಕೇಂದ್ರದ ಮೇಡಂ ನನ್ನನ್ನು ಒಳಗೆ ಕರೆದರು.

"ನಮ್ಮ ದೊಡ್ಡ ಟೀಚರ್ ಮಳೆಗಾಲಕ್ಕೆ ಮೊದಲು ಬಿಡ್ತಾರೆ" ಎಂದರು. "ಆ ಜಾಗ ನಿಮಗೇ ಕೊಡ್ಬೇಕು ಅಂತ ನನಗೆ ಮನಸ್ಸುಂಟು. ಆದ್ರೆ ಎಸ್ಸೆಸ್ಸೆಲ್ಸಿ ಪಾಸಾದವರೇ ಆಗ್ಬೇಕು ಅಂತ ನಿಯಮ ಉಂಟು. ಜೂನ್ ವರೆಗೆ ನಾನು ಹೇಗಾದ್ರೂ ಕಾಯ್ತೇನೆ. ಮತ್ತೆ ನನ್ನ ಕೈಯಲ್ಲಿಲ್ಲ."

ನಾನು ಪಾಸಾಗದಿದ್ದರೆ ಆ ಕುರ್ಚಿಗೆ ಬರುವವಳು ಯಾರು ಎಂದು ನನಗೆ ಗೊತ್ತಿತ್ತು. ಬಾಬಿನ್ನಿಗೆ ನೂಲು ಸುತ್ತಲು ನಾನೇ ಕೈಹಿಡಿದು ಕಲಿಸಿದ ಹುಡುಗಿಯರಲ್ಲಿ ಒಬ್ಬಳು ಬರುತ್ತಾಳೆ. ಅವಳು ಕಲಿಸುತ್ತಾಳೆ, ನಾನು ಅವಳಿಗೆ ಕತ್ತರಿ ಎತ್ತಿ ಕೊಡುತ್ತೇನೆ. ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಚಿನ್ನದಂಥವರು. ಆದರೆ ನನ್ನ ಕೆಲಸವನ್ನು ನನ್ನ ಕಣ್ಣೆದುರೇ ಬೇರೆಯವರು ಮಾಡುವುದನ್ನು ನೋಡಿಕೊಂಡು ಸುಮ್ಮನಿರುವ ಜಾತಿ ನಾನಲ್ಲ. ಆ ಒಂದು ಗಣಿತಕ್ಕೆ ಇಷ್ಟು ಸೊಕ್ಕೇ ಎನ್ನಿಸಿತು.

ಮನೆಗೆ ಬಂದು ಹೇಳಿದೆ. ಮಾಮಿ ಮುಳ್ಳುಸೌತೆ ಹೆಚ್ಚುತ್ತಿದ್ದರು. ಕೈ ನಿಲ್ಲಿಸದೆ, "ಪರೀಕ್ಷೆಗೆ ಕಟ್ಟು" ಎಂದರು. ಮೊದಲು ಓದಿದ ಶಾಲೆಯ ಮೂಲಕವೇ ಕಟ್ಟಬೇಕಿತ್ತು, ಹಾಗಾಗಿ ಪರೀಕ್ಷೆ ಮೂಡಬಿದಿರೆಯಲ್ಲಿ ಎಂದಾಯಿತು. ಗಲ್ಫ್‌ನಲ್ಲಿರುವ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಕೇಳಿದ್ದು, ಕಲಿಸುವುದು ಯಾರು ಎಂದು. ನಿಮ್ಮ ಅಮ್ಮ ಎಂದೆ. "ನಾನು ಅವರ ಕ್ಲಾಸಿನಲ್ಲಿ ಕೂತವನು. ದೇವರು ನಿನ್ನನ್ನು ಕಾಪಾಡಲಿ" ಎಂದು ನಕ್ಕು ಫೋನಿಟ್ಟರು.

ಪಾಠ ನಡೆಯುತ್ತಿದ್ದದ್ದು ನನ್ನ ಕಟ್ಟಿಂಗ್ ಮೇಜಿನ ಮೇಲೆ. ಸಂಜೆ ನಾನು ಬಂದು, ಚಹಾ ಕುಡಿದು, ಮೇಜಿನ ಮೇಲಿನ ಬಟ್ಟೆ ಸರಿಸುವಷ್ಟರಲ್ಲಿ ಮಾಮಿ ನನ್ನದೇ ಬ್ರೌನ್ ಪೇಪರ್ ಹಾಸಿ, ನನ್ನದೇ ಮಾರ್ಕಿಂಗ್ ಚಾಕಿನಿಂದ ಲೆಕ್ಕ ಬರೆದು ಕಾಯುತ್ತಿದ್ದರು. ರವಕೆಯ ಕಟ್ಟಿಂಗ್ ಬಿಡಿಸುವ ಆ ಖಾಕಿ ಕಾಗದ ಮಾಮಿಗೆ ಕರಿಹಲಗೆಯಷ್ಟೇ ಇಷ್ಟವಾಯಿತು. ನಮ್ಮ ಮನೆಮಾತು ತುಳು. ಅಡುಗೆ, ಜಗಳ, ಪ್ರೀತಿ ಎಲ್ಲ ಅದರಲ್ಲೇ. ಆದರೆ ಮಾಮಿಗೆ ಗಣಿತ ಮಾತ್ರ ತುಳುವಿನಲ್ಲಿ ಬರುವುದಿಲ್ಲ. ಚಾಕ್ ಕೈಗೆ ಬಂದ ಕೂಡಲೇ ಅವರು ಕನ್ನಡಕ್ಕೆ ದಾಟುತ್ತಿದ್ದರು, ಅವರ ಹಿಂದೆಯೇ ನಾನೂ. ಒಂದು ಅನುಕೂಲವಿತ್ತು, ಕನ್ನಡದಲ್ಲಿ ಬೈದರೆ ಅಷ್ಟು ನೋಯುವುದಿಲ್ಲ.

ಪ್ರಶ್ನೆಪತ್ರಿಕೆಯಲ್ಲಿ ಮೊದಲು ಬರುವುದೇ ಬಹುಆಯ್ಕೆ ಪ್ರಶ್ನೆಗಳು. ನಾಲ್ಕರಲ್ಲಿ ಒಂದನ್ನು ಆರಿಸಿ, ಅದರ ಕ್ರಮಾಕ್ಷರದ ಜೊತೆ ಪೂರ್ಣ ಉತ್ತರವನ್ನೂ ಬರೆಯಬೇಕು. ಅಲ್ಲಿ ಗೆದ್ದರೆ ಕೈ ಹದಕ್ಕೆ ಬರುತ್ತದೆ, ಉಳಿದದ್ದು ತಾನಾಗಿ ಬರುತ್ತದೆ ಎನ್ನುವುದು ಮಾಮಿಯ ಲೆಕ್ಕಾಚಾರ. ಹಾಗಾಗಿ ಆರಂಭ ಅಲ್ಲಿಂದಲೇ ಆಯಿತು. ಮೊದಲ ದಿನ ಅವರು ಒಂದು ವರ್ಗಸಮೀಕರಣ ಕೊಟ್ಟು, ಅಪವರ್ತಿಸಿ ಮೂಲ ಹುಡುಕುವ ಕ್ರಮವನ್ನು ಸಾಲು ಸಾಲಾಗಿ ಬರೆಯತೊಡಗಿದರು. ಅವರು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಾನು ಉತ್ತರ ಹೇಳಿಯಾಗಿತ್ತು.

"ಹೇಗೆ ಬಂತು?" ಎಂದರು.

"ಹಾಕಿ ನೋಡಿದೆ ಮಾಮಿ. ಎಕ್ಸ್ ಇರುವಲ್ಲಿ ಒಂದೊಂದೇ ಉತ್ತರ ಹಾಕಿದೆ. ಇದು ಹಾಕಿದಾಗ ಸೊನ್ನೆ ಬಂತು. ಸರಿಯಾಗಿ ಕೂತಿತು."

ಆಗಲೇ ನಾನು ಆ ನಾಲ್ಕು ರವಕೆಯ ಮಾತು ಹೇಳಿದ್ದು, ಅವರು ಕನ್ನಡಕ ಒರೆಸಿದ್ದು. "ಇದು ಲೆಕ್ಕ ಮಾಡಿದ್ದಲ್ಲ, ಇಣುಕಿ ನೋಡಿದ್ದು" ಎಂದರು. "ಉತ್ತರ ಅವರೇ ಕೊಟ್ಟಿದ್ದಾರೆ, ನಾನು ಇಣುಕಿದ್ದರಲ್ಲಿ ತಪ್ಪೆಂತ?" ಎಂದೆ. ಆ ದಿನದಿಂದ ನಮ್ಮಿಬ್ಬರಿಗೆ ಪಂದ್ಯ ಶುರುವಾಯಿತು. ಅವರು ಕ್ರಮದಿಂದ ಬಿಡಿಸುವುದು, ನಾನು ಹಾಕಿ ನೋಡುವುದು, ಯಾರು ಮೊದಲು. ಸುಳ್ಳು ಯಾಕೆ ಹೇಳಲಿ, ಹೆಚ್ಚಿನ ಸಲ ನಾನೇ ಗೆಲ್ಲುತ್ತಿದ್ದೆ. ಗೆದ್ದಾಗ ಗೋಳಿಬಜೆ ಕೇಳಿ ಮಾಡಿಸಿಕೊಂಡು ತಿನ್ನುತ್ತಿದ್ದೆ.

ಆದರೆ ನಿವೃತ್ತರಾದ ಮಾತ್ರಕ್ಕೆ ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಒಂದು ಭಾನುವಾರ ಊಟವಾದ ಮೇಲೆ ಅವರು ಬಹಳ ನಯವಾಗಿ ಒಂದು ಲೆಕ್ಕ ಬರೆದರು. ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು ಸಮ ಸೊನ್ನೆ. ಇದರ ಮೂಲಗಳು ಯಾವುವು? ಎ, ಎರಡು ಮತ್ತು ಮೈನಸ್ ಮೂರು. ನಾನು ಎರಡನ್ನು ಹಾಕಿದೆ. ನಾಲ್ಕು, ಅದರಿಂದ ಹತ್ತು ಹೋಯಿತು, ಆರು ಬಂತು. ಸೊನ್ನೆ. ಮುಂದಿನ ಆಯ್ಕೆಗಳನ್ನು ನೋಡಲೂ ಹೋಗದೆ, "ಎ!" ಎಂದು ಕೂಗಿದೆ.

ಮಾಮಿ ಮೇಜಿನ ಅಂಚು ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಒಂದು ತೋಳು ಸರಿಯಾಯ್ತು ಅಂತ ರವಕೆ ಕಟ್ಟಿ ಕೊಟ್ಟುಬಿಡ್ತೀಯಾ ಮಾರಾಯ್ತಿ? ಇನ್ನೊಂದು ತೋಳು ಹಾಕಿ ನೋಡುವುದು ಯಾರು?"

ಮೈನಸ್ ಮೂರನ್ನು ಹಾಕಿ ನೋಡಿದರೆ ಮೂವತ್ತು ಬಂತು. ಸರಿಯಾದ ಜೋಡಿ, ಎರಡು ಮತ್ತು ಮೂರು, ಕೆಳಗೆ ಡಿಯಲ್ಲಿ ಕೂತಿತ್ತು. ನನಗೆ ನಾಚಿಕೆಯಾದದ್ದು ಗಣಿತಕ್ಕಲ್ಲ. ನನ್ನ ವಿದ್ಯೆಯ ಮಾತನ್ನೇ ನನಗೆ ತಿರುಗಿಸಿ ಹೊಡೆದರಲ್ಲ ಎಂದು. ಆ ದಿನ ಗೋಳಿಬಜೆ ನಾನು ಮಾಡಿದೆ.

ಅದಾದ ಮೇಲೆ ಅವರು ಹಾಕಿ ನೋಡಲಿಕ್ಕೇ ಬಾರದ ಪ್ರಶ್ನೆಗಳನ್ನು ಹೊರತೆಗೆದರು. ಮೂಲಗಳು ಸಮವೇ, ಅಸಮವೇ, ವಾಸ್ತವವೇ ಅಲ್ಲವೇ ಎಂದು ಕೇಳುವ ಪ್ರಶ್ನೆಗಳು. ಅಲ್ಲಿ ಆಯ್ಕೆಗಳೆಲ್ಲ ಬರೀ ಮಾತು, ಹಾಕಲು ಸಂಖ್ಯೆಯೇ ಇಲ್ಲ. "ಈಗ ಹಾಕಿ ನೋಡು, ನೋಡುವ" ಎಂದು ಕೈಕಟ್ಟಿ ಕೂತರು. ನಾನು ಮುಖ ಊದಿಸಿಕೊಂಡು, ಮೂಲಗಳ ಸ್ವಭಾವ ಹೇಳುವ ಶೋಧಕದ ಸೂತ್ರ ಕಲಿತೆ. ಕಲಿತ ಮೇಲೆ ಅದು ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸಿತು. ಸಮಾಂತರ ಶ್ರೇಢಿ ಬಂದಾಗ ಮಾತ್ರ ನಾನು ಮತ್ತೆ ತಲೆ ಎತ್ತಿದೆ. ಹತ್ತನೆಯ ಪದ ಬೇಕಾದರೆ ಸಾಮಾನ್ಯ ವ್ಯತ್ಯಾಸವನ್ನು ಹತ್ತು ಸಲ ಅಲ್ಲ, ಒಂಬತ್ತೇ ಸಲ ಕೂಡಿಸಬೇಕು, ಯಾಕೆ ಹೇಳು ಎಂದರು. ಅಂಗಿಗೆ ಐದು ಗುಂಡಿ ಇಟ್ಟರೆ ನಡುವಿನ ಎಡೆ ನಾಲ್ಕೇ ಅಲ್ಲವಾ ಮಾಮಿ ಎಂದೆ. ಮಾಮಿ ತಮ್ಮ ಬೆರಳುಗಳನ್ನೂ ಬೆರಳಿನ ನಡುವಿನ ಸಂದುಗಳನ್ನೂ ನೋಡಿಕೊಂಡು, "ಸರಿ ಉಂಟು. ಆದ್ರೆ ಉತ್ತರ ಪತ್ರಿಕೆಯಲ್ಲಿ ಗುಂಡಿ ಗಿಂಡಿ ಬರೀಬೇಡ" ಎಂದರು.

ನಮ್ಮ ದೊಡ್ಡ ಜಗಳ ಆದದ್ದು ಒಂದು ತುಂಡು ಬಟ್ಟೆಯ ಮೇಲೆ. ಮಾಮಿ ನನಗೆ ಖುಷಿಯಾಗಲಿ ಎಂದೇ ಆ ಲೆಕ್ಕ ಕಟ್ಟಿದ್ದರು. ಆಯತಾಕಾರದ ಬಟ್ಟೆಯ ತುಂಡೊಂದರ ಉದ್ದ ಅಗಲಕ್ಕಿಂತ ಮೂರು ಸೆಂಟಿಮೀಟರ್ ಹೆಚ್ಚು, ವಿಸ್ತೀರ್ಣ ಎಪ್ಪತ್ತು ಚದರ ಸೆಂಟಿಮೀಟರ್, ಹಾಗಾದರೆ ಅಗಲ ಎಷ್ಟು? ಏಳು, ಎಂಟು, ಹತ್ತು, ಹದಿನಾಲ್ಕು ಎಂದು ನಾಲ್ಕು ಆಯ್ಕೆ. ಮಕ್ಕಳ ಅಂಗಿಯ ಕಿಸೆಯ ಅಳತೆ ಅದು, ನನಗೆ ನೋಡಿದ ಕೂಡಲೇ ಗೊತ್ತಾಯಿತು. ಏಳು ಹಾಕಿದೆ, ಏಳು ಹತ್ತಲೆ ಎಪ್ಪತ್ತು, ಕೂತಿತು. ಕೂತ ಮೇಲೆ ಬಿ ಎಂದು ಬರೆದು, ಮುಂದೆ ಎಂಟು ಎಂದು ಬರೆದೆ.

"ಏಳು ಬಂತಲ್ಲ ನಿನಗೆ? ಎಂಟು ಯಾಕೆ ಬರೆದೆ?"

"ಮಾರ್ಜಿನ್ ಬಿಡ್ಬೇಡ್ವಾ ಮಾಮಿ?" ಎಂದೆ.

ನಾನು ತಮಾಷೆ ಮಾಡಿದ್ದಲ್ಲ. ಬಟ್ಟೆ ಎಂದು ಓದಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಒಂದು ಸೆಂಟಿಮೀಟರ್ ಸೇರಿಸಿಬಿಟ್ಟಿತ್ತು. ಬೇಕಾದಷ್ಟೇ ಅಳತೆಗೆ ಬಟ್ಟೆ ಕತ್ತರಿಸುವ ಟೈಲರ್ ಈ ಲೋಕದಲ್ಲಿ ಇಲ್ಲ. ಹೊಲಿಗೆಯ ಒಳಗೆ ಹೋಗುವುದಕ್ಕೆ ಸ್ವಲ್ಪ ಬಿಟ್ಟೇ ಕತ್ತರಿಸಬೇಕು. ಎಂಟು ಎನ್ನುವ ಆಯ್ಕೆ ಅಲ್ಲೇ ಇತ್ತಲ್ಲ, ಪ್ರಶ್ನೆ ಕಟ್ಟಿದವರಿಗೂ ಅದು ಗೊತ್ತುಂಟು ಎಂದುಕೊಂಡಿದ್ದೆ. ಮಾಮಿಗೆ ತಾಳ್ಮೆ ಮೀರಿತು.

"ಇದು ಬಟ್ಟೆ ಅಲ್ಲ, ಎಕ್ಸ್! ಪರೀಕ್ಷೆಯಲ್ಲಿ ಹೀಗೆ ಬರೆದ್ರೆ ನಿನ್ನ ಕೆಲಸವೂ ಇಲ್ಲ, ಕುರ್ಚಿಯೂ ಇಲ್ಲ. ಅಂದಾಜಿನ ಬುದ್ಧಿ ಬಿಡು ಅಂತ ಎಷ್ಟು ಸಲ ಹೇಳ್ಲಿಕ್ಕುಂಟು?"

"ಮಾರ್ಜಿನ್ ಅಂದ್ರೆ ಅಂದಾಜು ಅಲ್ಲ ಮಾಮಿ. ಅದು ಅಳತೆಯೇ. ನಿಮಗೆ ಹೊಲಿಗೆ ಗೊತ್ತಿಲ್ಲ."

ಅವರು ಚಾಕ್ ಕೆಳಗಿಟ್ಟು ಒಳಗೆ ಹೋದರು. ನಾನೂ ಬ್ರೌನ್ ಪೇಪರ್ ಸುತ್ತಿ ಮೂಲೆಗೆ ಎಸೆದೆ. ಕೆಲವು ದಿನ ಮನೆಯಲ್ಲಿ ತುಳುವೂ ಇಲ್ಲ, ಕನ್ನಡವೂ ಇಲ್ಲ. ಗಂಡ ಫೋನ್ ಮಾಡಿದರೆ ಇಬ್ಬರೂ ಅವರೊಡನೆ ಮಾತ್ರ ಮಾತಾಡುತ್ತಿದ್ದೆವು. ಕೇಂದ್ರದಲ್ಲಿ ಕೆಲಸ ಮಾಡುವಾಗಲೆಲ್ಲ ನನಗೆ ಆ ಕುರ್ಚಿ ಕಾಣುತ್ತಿತ್ತು. ಸಿಟ್ಟಿನ ನಡುವೆ ಹೆದರಿಕೆಯೂ ಆಯಿತು. ಬೇರೆ ಯಾರಿಗೂ ಆಗದ ತಪ್ಪು ನನಗೇ ಆಗಿಬಿಟ್ಟರೆ ಏನು ಮಾಡುವುದು? ನನ್ನ ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸವೇ ನನ್ನನ್ನು ಫೇಲ್ ಮಾಡಿದರೆ?

ಮಾತು ಮೊದಲು ತೆಗೆದದ್ದು ಮಾಮಿಯೇ. ಒಂದು ಸಂಜೆ ನಾನು ಯಾರದೋ ರವಕೆ ಬಿಚ್ಚುತ್ತಿದ್ದಾಗ ಹತ್ತಿರ ಬಂದು ನಿಂತರು. "ಈ ಮಾರ್ಜಿನ್ ಅಂದ್ರೆ ಎಂತ? ತೋರಿಸು" ಎಂದರು. ಕೇಳಿದ್ದು ಚುಚ್ಚಲಿಕ್ಕಲ್ಲ, ತಿಳಿದುಕೊಳ್ಳಲಿಕ್ಕೆ. ನಾನು ರವಕೆಯನ್ನು ಒಳಮೈ ಮಾಡಿ, ಹೊಲಿಗೆಯಾಚೆ ಮಡಚಿಟ್ಟ ಬಟ್ಟೆಯನ್ನು ತೋರಿಸಿದೆ. ಮೈ ತುಂಬಿದರೆ ಇದನ್ನು ಬಿಚ್ಚಿ ಸಡಿಲ ಮಾಡಬಹುದು, ಬಟ್ಟೆ ಹರಿಯುವುದಿಲ್ಲ, ವರ್ಷಗಟ್ಟಲೆ ಬರುತ್ತದೆ ಎಂದೆ. ಮಾಮಿ ಒಳಗೆ ಹೋಗಿ ತಮ್ಮದೊಂದು ರವಕೆ ತಂದು ತಾವೇ ಒಳಮೈ ಮಾಡಿದರು. ಪೇಟೆಯ ಟೈಲರ್ ಹೊಲಿದದ್ದು. ಅದರಲ್ಲಿ ಬೆರಳಿಗೆ ಸಿಗುವಷ್ಟೂ ಮಾರ್ಜಿನ್ ಇರಲಿಲ್ಲ. ಅವರ ರವಕೆಗಳೆಲ್ಲ ಯಾಕೆ ಬೇಗ ಬಿಗಿಯಾಗುತ್ತವೆ, ಕಂಕುಳಲ್ಲಿ ಯಾಕೆ ಹರಿಯುತ್ತವೆ ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಅವರು ರವಕೆ ಮಡಚಿ ಇಟ್ಟು, "ಬಾ, ಚಾಕ್ ತಗೊ" ಎಂದರು.

ಆ ದಿನದ ಪಾಠ ಮರೆಯುವಂಥದ್ದಲ್ಲ. "ನೋಡು ಮಗಾ, ಹಾಕಿ ನೋಡ್ಬೇಡ ಅಂತ ನಾನು ಇನ್ನು ಹೇಳುವುದಿಲ್ಲ" ಎಂದರು. "ಹಾಕಿಯೇ ನೋಡು. ಆದ್ರೆ ಅದಕ್ಕೆ ಮೊದಲು ಒಂದು ಸಾಲು ಬರಿ. ಎಕ್ಸ್ ಯಾರು ಅಂತ ಬರಿ. ಅಗಲವಾ, ಉದ್ದವಾ, ವಯಸ್ಸಾ, ಯಾರದ್ದು ಅದು? ಹೆಸರು ಹಾಕದೆ ಮುಂದೆ ಹೋಗ್ಬೇಡ."

ಇದನ್ನು ಮಾತ್ರ ನಾನು ವಾದ ಮಾಡದೆ ಒಪ್ಪಿಕೊಂಡೆ. ನಾವೂ ಹಾಗೆಯೇ ಮಾಡುವುದು. ಬಟ್ಟೆ ಬಂದ ಕೂಡಲೇ ಅದಕ್ಕೆ ಹೆಸರಿನ ಚೀಟಿ ಪಿನ್ ಮಾಡದಿದ್ದರೆ ಮದುವೆಯ ಸಮಯದಲ್ಲಿ ಒಬ್ಬರ ರವಕೆ ಇನ್ನೊಬ್ಬರ ಮೈಮೇಲೆ ಇರುತ್ತದೆ. ಆಮೇಲೆ ನಾನು ಬಿಡಿಸಿದ ಪ್ರತಿ ಲೆಕ್ಕದ ತಲೆಯ ಮೇಲೂ ಒಂದು ಚೀಟಿ ಇರುತ್ತಿತ್ತು. ಮಾರ್ಚ್ ತಿಂಗಳ ಸೆಕೆಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುತ್ತ, ಫ್ಯಾನಿನ ಗಾಳಿಗೆ ಹಾರುವ ಬ್ರೌನ್ ಪೇಪರಿಗೆ ಕತ್ತರಿಯ ಭಾರ ಇಟ್ಟು, ನಾವು ಎಷ್ಟು ಕಾಗದ ತುಂಬಿಸಿದೆವೋ ಗೊತ್ತಿಲ್ಲ. ಒಮ್ಮೆ ಅವಸರದಲ್ಲಿ ವರ್ಗಸಮೀಕರಣ ಬರೆದ ಕಾಗದದ ಮೇಲೆಯೇ ತೋಳಿನ ಕಟ್ಟಿಂಗ್ ಬಿಡಿಸಿ ಕೇಂದ್ರಕ್ಕೆ ಒಯ್ದಿದ್ದೆ. ಹುಡುಗಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಹೊಸ ಫ್ಯಾಷನ್ ಟೀಚರ್ ಎಂದು ಕೇಳಿದರು.

ಪರೀಕ್ಷೆಯ ದಿನ ಮಾಮಿಯೂ ಹೊರಟರು. ಬೇಡ ಎಂದೆ, ಸೆಕೆ ಎಂದೆ, ಕೇಳಲಿಲ್ಲ. ಮೂಡಬಿದಿರೆಯ ನನ್ನ ಶಾಲೆಯ ಗೇಟಿನ ಹೊರಗೆ, ಅಂಗಡಿಯ ಜಗಲಿಯಲ್ಲಿ, ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರ ನಡುವೆ ಕೊಡೆ ಹಿಡಿದು ಕೂತರು. ನಾನು ಒಳಗೆ ಹೋಗಿ ನನ್ನ ನಂಬರು ಹುಡುಕಿ ಕೂತಾಗ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತು, "ಟೀಚರ್, ಒಂದು ಎಕ್ಸ್‌ಟ್ರಾ ಪೆನ್ನು ಇಟ್ಟುಕೊಳ್ಳಬಹುದಾ?" ಎಂದಳು. "ಇಟ್ಟುಕೋ. ಆದರೆ ನಾನು ಟೀಚರಲ್ಲ, ನಿನ್ನ ಹಾಗೆಯೇ ಬರೆಯಲು ಬಂದವಳು" ಎಂದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ನನಗೆ ಹೆದರಿಕೆ ಇರಲಿಲ್ಲ. ಹದಿನಾರರ ವಯಸ್ಸಿನಲ್ಲಿ ಇದೇ ಕಟ್ಟಡದಲ್ಲಿ ನಡುಗಿದ್ದು ನಾನೇ ಹೌದೋ ಎಂದು ಆಶ್ಚರ್ಯವಾಯಿತು.

ಬಹುಆಯ್ಕೆ ಪ್ರಶ್ನೆಗಳನ್ನು ನೋಡಿದರೆ ಎಲ್ಲ ಪರಿಚಯದ ಮುಖಗಳೇ. ಎರಡು ಸಮೀಕರಣಗಳ ಜೋಡಿ ಬಂದಿತ್ತು, ಎರಡೂ ತೋಳು ಹಾಕಿ ನೋಡಿ ಬರೆದೆ. ಶ್ರೇಢಿ ಬಂದಿತ್ತು, ಗುಂಡಿಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಆಮೇಲೆ ಒಂದು ಆಯತ ಬಂತು. ಉದ್ದ ಅಗಲಕ್ಕಿಂತ ಐದು ಹೆಚ್ಚು, ವಿಸ್ತೀರ್ಣ ಎಂಬತ್ತನಾಲ್ಕು. ಐದು, ಏಳು, ಹನ್ನೆರಡು, ಹದಿನಾಲ್ಕು ಎಂದು ಆಯ್ಕೆಗಳು. ಈ ಸಲ ಬಟ್ಟೆಯಲ್ಲ ಎಂದು ಮೊದಲೇ ನೋಡಿಕೊಂಡೆ, ಮಾರ್ಜಿನ್ ಇಲ್ಲ. ಏಳು ಹಾಕಿದೆ. ಏಳಕ್ಕೆ ಐದು ಸೇರಿ ಹನ್ನೆರಡು, ಹನ್ನೆರಡೇಳಲೆ ಎಂಬತ್ತನಾಲ್ಕು. ಕೂತಿತು. ಬಿ, ಏಳು ಎಂದು ಬರೆದು ಮುಂದಿನದಕ್ಕೆ ಹೋದೆ.

ಹೋದವಳ ಕಣ್ಣು ಯಾಕೋ ಪಕ್ಕದ ರಫ್ ಕೆಲಸದ ಮೇಲೆ ಬಿತ್ತು. ಮಾಮಿಯ ಹೆದರಿಕೆಗೆ ಅಲ್ಲಿ ಚೀಟಿ ಅಂಟಿಸಿದ್ದೆ: ಎಕ್ಸ್ ಎಂದರೆ ಅಗಲ. ಪ್ರಶ್ನೆ ಮತ್ತೆ ಓದಿದೆ. ಅವರು ಕೇಳಿದ್ದು ಉದ್ದ. ನಾನು ಪಕ್ಕದ ಮನೆಯವರ ರವಕೆ ಇವರಿಗೆ ಕಟ್ಟಿ ಕೊಟ್ಟಿದ್ದೆ. ಬರೆದದ್ದರ ಮೇಲೆ ಗೆರೆ ಎಳೆದು, ಸಿ, ಹನ್ನೆರಡು ಎಂದು ದೊಡ್ಡದಾಗಿ ಬರೆದೆ. ಆಮೇಲೆ ಹಿಂದೆ ಹೋಗಿ ಒಂದೊಂದು ಪ್ರಶ್ನೆಯೂ ಕೇಳಿದ್ದು ಏನು ಎಂದು ಮತ್ತೊಮ್ಮೆ ಓದಿದೆ. ಆ ಹೊತ್ತಿನಿಂದ ಕೊನೆಯ ಗಂಟೆಯವರೆಗೆ ನನ್ನ ಪೆನ್ನು ಎಲ್ಲೂ ತಡವರಿಸಲಿಲ್ಲ. ನನಗೆ ಬಾರದ ಒಂದೆರಡು ದೊಡ್ಡ ಲೆಕ್ಕ ಇದ್ದವು, ಅವನ್ನು ಬಿಟ್ಟೆ. ಬಿಟ್ಟದ್ದಕ್ಕೆ ಬೇಸರವೂ ಆಗಲಿಲ್ಲ.

ಹೊರಗೆ ಬಂದಾಗ ಮಾಮಿ, ಹೇಗಿತ್ತು ಎಂದು ಕೇಳಲಿಲ್ಲ. ಕೈ ಚಾಚಿದರು. ನಾನು ಪ್ರಶ್ನೆಪತ್ರಿಕೆ ಕೊಟ್ಟೆ. ಸಿದ್ಧಕಟ್ಟೆಯ ಮೇಲಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು, ಕಾಗದವನ್ನು ಮೂಗಿನವರೆಗೆ ಹಿಡಿದು ಓದಿದರು. ತಿರುವುಗಳಲ್ಲಿ ನಾನು ಅವರ ಭುಜ ಹಿಡಿದುಕೊಂಡೆ. ಆಯತದ ಲೆಕ್ಕದ ಮೇಲೆ ಅವರ ಬೆರಳು ನಿಂತಿತು.

"ಇದಕ್ಕೆ ಎಂತ ಬರೆದೆ?"

"ಹನ್ನೆರಡು."

"ಅದಕ್ಕೆ ಮೊದಲು?"

ಇವರಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಈಗಲೂ ಅರ್ಥವಾಗಿಲ್ಲ. "ಏಳು ಬರೆದು ಹೊಡೆದು ಹಾಕಿದೆ" ಎಂದೆ. ಅವರು ತುಟಿಯಲ್ಲೇ ಗುನುಗಿದರು, ಹನ್ನೆರಡೇಳಲೆ ಎಂಬತ್ತನಾಲ್ಕು. ನಾನು ಸುಮ್ಮನಿರುತ್ತೇನೆಯೇ?

"ಮಾಮಿ! ನೀವು ಹಾಕಿ ನೋಡಿದ್ರಿ!"

"ಬಸ್ಸಿನಲ್ಲಿ ಪೆನ್ನು, ಕ್ರಮ ಎಲ್ಲ ಆಗ್ತದಾ?" ಎಂದು ಕಾಗದ ಮಡಚಿ ಚೀಲಕ್ಕೆ ಹಾಕಿ, ಕಿಟಕಿಯ ಕಡೆ ತಿರುಗಿದರು. ಕಿವಿಯ ಹತ್ತಿರ ಕೆನ್ನೆ ನಗುತ್ತಿದ್ದದ್ದು ನನಗೆ ಕಂಡಿತು.

ಮರುದಿನ ಸಂಜೆ ನಾನು ಕೇಂದ್ರದಿಂದ ಬಂದಾಗ ಕಟ್ಟಿಂಗ್ ಮೇಜು ಖಾಲಿಯಾಗಿತ್ತು. ಬ್ರೌನ್ ಪೇಪರ್ ಇಲ್ಲ, ಲೆಕ್ಕ ಇಲ್ಲ. ಮೇಜಿನ ನಡುವೆ ಒಂದು ಬಟ್ಟೆ ಮಡಚಿ ಇಟ್ಟಿತ್ತು, ದಾಳಿಂಬೆ ಬಣ್ಣದ ರವಕೆ ಪೀಸು. ಯಾರು ಕೊಟ್ಟು ಹೋದದ್ದು ಎಂದು ನಾನು ಹೆಸರಿನ ಚೀಟಿ ಹುಡುಕುತ್ತಿದ್ದೆ. ಹಿಂದಿನಿಂದ ಮಾಮಿ ಹೇಳಿದರು. ಈ ಸಲ ತುಳುವಿನಲ್ಲಿ, ಹಾಗಾಗಿ ನೇರವಾಗಿ ಎದೆಗೆ ಬಂತು. ನೀನು ಟೀಚರ್ ಆಗಿ ಸಹಿ ಹಾಕುವ ದಿನ ನಾನೂ ಉಜಿರೆಗೆ ಬರುತ್ತೇನೆ, ಉಡಲು ಸೀರೆ ಉಂಟು, ರವಕೆ ಇಲ್ಲ ಎಂದರು.

ಫಲಿತಾಂಶ ಬರಲು ಇನ್ನೂ ಎಷ್ಟೋ ದಿನ ಇತ್ತು. ಮಾಮಿ ಕೈಗಳನ್ನು ಸ್ವಲ್ಪ ಅಗಲಿಸಿ, ಬೆನ್ನು ನೇರ ಮಾಡಿ ನಿಂತರು. ತೋಳು, ಭುಜ, ಎದೆ, ಸೊಂಟ, ಎಲ್ಲ ಬಾಗಿಲು ದಾಟಿ ಬಂದ ಮೊದಲ ದಿನದಿಂದ ನನ್ನ ಕಣ್ಣಿಗೆ ಗೊತ್ತಿದ್ದವೇ. ಆದರೂ ನಾನು ಟೇಪ್ ತೆಗೆದೆ. ಒಂದೊಂದನ್ನೂ ಹಿಡಿದು ಅಳೆದೆ, ಅಳೆದದ್ದನ್ನು ಬರೆದುಕೊಂಡೆ, ಬರೆದದ್ದರ ಮೇಲೆ ಯಾರದು ಎಂದು ಹೆಸರು ಹಾಕಿದೆ. ಎಷ್ಟೋ ವರ್ಷ ನನ್ನೊಳಗೆ ಉರಿಯುತ್ತಿದ್ದದ್ದು ಆ ಟೇಪಿನ ಜೊತೆಗೇ ಸುತ್ತಿ ಒಳಗೆ ಹೋಯಿತು. ಮಾರ್ಜಿನ್ ಎಷ್ಟು ಬಿಡಲಿ ಎಂದು ಕೇಳಿದೆ. ಅದು ನಿನ್ನ ವಿಷಯ, ನನಗೇನು ಗೊತ್ತು ಎಂದರು.

ಫಲಿತಾಂಶ ಬಂದ ದಿನ ನಾನು ಆ ರವಕೆಗೆ ಹುಕ್ಕು ಹಾಕುತ್ತಿದ್ದೆ. ಸೂಜಿಯನ್ನು ಸೆರಗಿಗೆ ಚುಚ್ಚಿ ಫೋನು ನೋಡಿದೆ. ಒಮ್ಮೆ ನೋಡಿದೆ, ನಂಬರು ಸರಿಯೇ ಎಂದು ಮತ್ತೆ ನೋಡಿದೆ. ಪಾಸು. ಗಣಿತದ ಎದುರಿಗಿದ್ದದ್ದು ದೊಡ್ಡ ಅಂಕವೇನೂ ಅಲ್ಲ, ಆದರೆ ಅಂಚಿನಲ್ಲಿ ತೂಗಾಡುವ ಅಂಕವೂ ಅಲ್ಲ. ನಾನು ಚಾವಡಿಗೆ ಓಡಿದೆ. ಮಾಮಿ ಪೇಪರ್ ಓದುತ್ತಿದ್ದವರು ತಲೆ ಎತ್ತಿ, "ಹುಕ್ಕು ಹಾಕಿ ಆಯ್ತಾ?" ಎಂದರು.

ನನಗೆ ಸಿಟ್ಟೇ ಬಂತು. "ಮಾಮಿ, ರಿಸಲ್ಟ್ ಬಂತು. ಪಾಸಾ ಅಂತ ಕೇಳುವುದಿಲ್ವಾ ನೀವು?"

"ಪಾಸಾಗ್ಲಿಕ್ಕಿಲ್ಲ ಅಂತ ಇದ್ರೆ ನಾನು ಬಟ್ಟೆಗೆ ಕತ್ತರಿ ಹಾಕ್ಲಿಕ್ಕೆ ಕೊಡ್ತಿದ್ನಾ?" ಎಂದರು.

ನಾನು ಅಲ್ಲೇ ಬಾಗಿಲ ಹತ್ತಿರ ಕೂತು ಅತ್ತುಬಿಟ್ಟೆ. ಅಳುತ್ತಲೇ ಉಳಿದ ಹುಕ್ಕು ಹಾಕಿದೆ. ಮಾಮಿ ರವಕೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಬಾಗಿಲ ಹೊರಗೆ ನಿಂತು ಕಾದೆ. ಮೂಡಬಿದಿರೆಯಲ್ಲಿ ಪ್ರಶ್ನೆಪತ್ರಿಕೆಗೂ ಹಾಗೆ ಕಾದವಳಲ್ಲ. ಕೊನೆಗೆ ಬಾಗಿಲು ತೆರೆಯಿತು. ಅವರು ಬಲಗೈ ಮೇಲೆತ್ತಿದರು, ಕೆಳಗಿಳಿಸಿದರು. ಎಡಗೈ ಮೇಲೆತ್ತಿದರು, ಕೆಳಗಿಳಿಸಿದರು. ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ.

"ಎರಡೂ ತೋಳು ಹಾಕಿ ನೋಡಿದೆ" ಎಂದರು. "ಸರಿ ಉಂಟು."